ಗುಂಡು ಬಿದ್ದ ನೀರು

“ಮುಂದ ಹೋಗಲೇ ಬೋಳಿಮಗನ! ನೀರ ಎಲ್ಲೀಮಟಾ ಬಂತು?”

“ಸೊಂಟಕ್ಕ ಬಂತ್ರಿ ಎಪ್ಪಾ.”

“ಸೊಂಟಾ ಅಂತ ಬರಕೋರಿ. ಇನ್ನಾ ಮುಂದ ನಡಿ. ಏನ್ ಮದಿಮಗ ನಿಂತಂಗ ನಿಂತಿ?”

ಉದ್ದಪ್ಪ ಇನ್ನೊಂದು ಹೆಜ್ಜೆ ಮುಂದಿಟ್ಟ. ದೀಪಾವಳಿಯ ಹಟ್ಟಿಹಬ್ಬ ಕಳೆದು ಹದಿನೈದು ದಿನವಾಗಿತ್ತು. ಘಟಪ್ರಭೆಯ ನೀರು ಬೆಳಗಿನ ಹೊತ್ತು ಎಲುಬು ಕೊರೆಯುವಷ್ಟು ತಣ್ಣಗಿತ್ತು. ಆಚೆ ದಂಡೆಯಲ್ಲಿ ಸಂಸ್ಥಾನದ ಕಾರಭಾರಿ ಭೀಮರಾಯರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಈಚೆ ದಂಡೆಯಲ್ಲಿ ಇಂಗ್ರೇಜಿ ಸರಕಾರದ ಮಾಮಲೇದಾರ ಸಾಹೇಬರು. ಹೊಳೆಯ ಎಲ್ಲಕ್ಕಿಂತ ಆಳದ ಜಾಗ ಯಾವುದೆಂದು ಇಬ್ಬರಿಗೂ ತಿಳಿಯಬೇಕಿತ್ತು. ಅಳೆಯುವುದಕ್ಕೆ ಬಿದಿರಿನ ಗಳ ಇತ್ತು, ಅದಕ್ಕೆ ಗೇಣು ಗೇಣಿಗೆ ಸುಣ್ಣದ ಗೆರೆಯೂ ಇತ್ತು. ಆದರೆ ಗಳಕ್ಕೆ ಬಾಯಿಲ್ಲ. ಎಷ್ಟು ನೀರು ಎಂದು ಕೂಗಿ ಹೇಳಲು ಮನುಷ್ಯನೇ ಬೇಕು, ಬೈಸಿಕೊಳ್ಳಲಂತೂ ಮನುಷ್ಯನೇ ಬೇಕು.

“ಕುತಿಗೀಮಟಾ ಬಂತ್ರಿ.”

“ಮುಳುಗು,” ಎಂದರು ಮಾಮಲೇದಾರರು.

“ಏನ್ರಿ?”

“ಮುಳುಗಿ ತಳಾ ಮುಟ್ಟಿ ಬಾ ಅಂದೆ ಹಲ್ಕಟ್! ಕಿವ್ಯಾಗ ಅರಳಿ ತುರುಕಿಕೊಂಡಿಯೇನು?”

ಉದ್ದಪ್ಪ ಮುಳುಗಿದ. ಈಚೆ ದಂಡೆಯ ಮೇಲೆ ಅವನ ಒಣ ಧೋತರ, ಕಂಬಳಿ ಹಿಡಿದು ನಿಂತಿದ್ದ ಹೆಂಡತಿ ಗುಡ್ಡವ್ವ ತಾನೂ ಉಸಿರು ಕಟ್ಟಿದಳು. ಅಂಬಿಗರ ಮನೆಯ ಹೆಂಗಸರಿಗೆ ಇದೊಂದು ಚಾಳಿ. ಗಂಡ ನೀರೊಳಗೆ ಇರುವಷ್ಟು ಹೊತ್ತು ಅವರು ಉಸಿರು ಬಿಡುವುದಿಲ್ಲ. ತಲೆ ಮೇಲೆದ್ದಾಗ ಇಬ್ಬರೂ ಒಟ್ಟಿಗೇ ಉಸಿರಾಡಿದರು. ಅಂದು ಸೂರ್ಯ ನೆತ್ತಿಗೆ ಬರುವವರೆಗೆ ಅವನನ್ನು ಹದಿಮೂರು ಸಲ ಮುಳುಗಿಸಿದರು.

ದಿಲ್ಲಿ ದರಬಾರಾದ ಮರುವರ್ಷದ ಮಾತಿದು. ಗೋಕಾಕದಿಂದ ಕೆಳಗೆ, ಮೂಡಲಗಿಯ ದಿಕ್ಕಿಗೆ ಹರಿಯುವ ಹೊಳೆಯ ಆ ತಿರುವಿನಲ್ಲಿ ಈಚೆ ದಂಡೆ ಮುಂಬೈ ಸರಕಾರದ್ದು, ಆಚೆ ದಂಡೆ ಬೆರಳೆಣಿಕೆಯ ಊರುಗಳ ಒಂದು ಸಂಸ್ಥಾನದ್ದು. ಅಜ್ಜ ಮುತ್ತಜ್ಜರ ಕಾಲದಿಂದ ನಡುನೀರೇ ಇಬ್ಬರ ಹದ್ದು. ಮೂರು ವರ್ಷದ ಹಿಂದೆ ಬಂದ ಮಹಾಪೂರ ಹೊಳೆಯ ಹಾದಿಯನ್ನೇ ತಿರುಗಿಸಿ, ಮಧ್ಯದಲ್ಲೊಂದು ನಡುಗಡ್ಡೆಯನ್ನು ಎಬ್ಬಿಸಿ ಹೋಯಿತು. ಅಂದಿನಿಂದ ನಡುನೀರು ಯಾವುದೆಂದು ಯಾರಿಗೂ ತಿಳಿಯದಾಯಿತು. ನಡುನೀರು ಯಾರ ಪಾಲಿಗೆ ಬೀಳುತ್ತದೋ ಅವರಿಗೆ ನಡುಗಡ್ಡೆಯ ಹುಲ್ಲು, ಸುತ್ತಲಿನ ಮೀನು, ಹೊಳೆ ದಾಟಿಸುವ ಹಕ್ಕು. ಬಿಡುವವರು ಯಾರು?

ಮೊದಲು ಸಂಸ್ಥಾನ ಮೂರು ಹರಗೋಲು ಕಟ್ಟಿಸಿ, ಒಂದೊಂದರಲ್ಲಿ ಒಬ್ಬ ಬಂದೂಕಿನ ಸಿಪಾಯಿಯನ್ನು ಕೂಡಿಸಿ, ಅದಕ್ಕೆ ‘ಜಲದಳ’ ಎಂದು ಹೆಸರಿಟ್ಟಿತು. ಸುದ್ದಿ ಕೇಳಿ ಮಾಮಲೇದಾರರು ನಾಲ್ಕು ಕಟ್ಟಿಸಿದರು. ಏಳರ ಬಿದಿರು ಹೆಣೆದವನೂ ಎಮ್ಮೆಯ ತೊಗಲು ಹೊಚ್ಚಿದವನೂ ಉದ್ದಪ್ಪನೇ, ಅದೂ ಬಿಟ್ಟಿ. ಎರಡೂ ದಳಗಳಿಗೆ ಹುಟ್ಟು ಹಾಕುವವರು ಅವನ ಅಣ್ಣತಮ್ಮಂದಿರೇ. ಅವನ ಸ್ವಂತ ತಮ್ಮ ಮಾಲಿಂಗಪ್ಪ ಆಚೆ ದಂಡೆಗೆ ಮನೆ ಅಳಿಯನಾಗಿ ಹೋದವನು. ಹಾಗಾಗಿ ಸಂಸ್ಥಾನದ ದಳಕ್ಕೆ ಸೇರಿದ. ಎರಡು ರಾಜ್ಯಗಳ ಹರಗೋಲುಗಳು ನಡುಹೊಳೆಯಲ್ಲಿ ಎದುರುಬದುರಾದಾಗ ಸಿಪಾಯಿಗಳು ಮೀಸೆ ತಿರುವುತ್ತಿದ್ದರು, ಇಲ್ಲವೇ ತಲೆ ತಿರುಗಿ ವಾಂತಿ ಮಾಡಿಕೊಳ್ಳುತ್ತಿದ್ದರು. ಅಣ್ಣತಮ್ಮಂದಿರು ತಂಬಾಕು, ಸುಣ್ಣ ಬದಲಿಸಿಕೊಂಡು ಮನೆಯ ಸುದ್ದಿ ಕೇಳುತ್ತಿದ್ದರು. ಇದನ್ನು ಕಂಡು ಎರಡೂ ದಂಡೆಯ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಗ ನಗುವುದಕ್ಕೆ ಏನೂ ಅಡ್ಡಿಯಿರಲಿಲ್ಲ.

ಆಳ ಅಳೆದೂ ಜಗಳ ಹರಿಯಲಿಲ್ಲ. ಎರಡು ಕಡೆಯ ಕಾಗದದಲ್ಲಿ ಎರಡು ಬೇರೆ ಬೇರೆ ಆಳಗಳು ಸೇರಿದ್ದವು. ಆಗ ಭೀಮರಾಯರು ಪುಣೆಯಿಂದ ತರಿಸಿದ ಒಂದು ದಪ್ಪ ಕಾಯದೆ ಪುಸ್ತಕವನ್ನು ಬಗಲಲ್ಲಿ ಇರುಕಿಕೊಂಡು ಈಚೆ ದಂಡೆಯ ಡೇರೆಗೆ ಬಂದರು. ಡೇರೆಯ ಹೊರಗೆ ಉದ್ದಪ್ಪ, ಗುಡ್ಡವ್ವ ಕುಕ್ಕರುಗಾಲಲ್ಲಿ ಕೂತಿದ್ದರು. ಈ ಊರಿನ ಪಾಟೀಲ ಜಿನಪ್ಪಗೌಡರು ಡೇರೆಯ ಬಾಗಿಲಲ್ಲಿ ಪೂರ್ತಿ ಒಳಗೂ ಅಲ್ಲ, ಪೂರ್ತಿ ಹೊರಗೂ ಅಲ್ಲ ಎಂಬಂತೆ ನಿಂತಿದ್ದರು.

“ಸಮುದ್ರಕ್ಕ ಒಂದು ಕಾಯದೆ ಐತಿ ನೋಡ್ರಿ ರಾವಸಾಹೇಬ್ರ,” ಎಂದರು ಭೀಮರಾಯರು. “ದಂಡಿ ಮ್ಯಾಲ ನಿಂತು ತೋಪು ಹಾರಿಸಿದ್ರ ಗುಂಡು ಎಲ್ಲೀಮಟಾ ಹೋಗತೈತೋ, ಅಲ್ಲೀಮಟಾ ನೀರು ಆ ದಂಡಿ ರಾಜಾಂದು. ವಿಲಾಯತಿಯವ್ರು, ಫ್ರೆಂಚರು, ಡಚ್ಚರು ಎಲ್ಲಾರೂ ಹಿಂಗ ಹಂಚಕೊಂಡಾರ. ಇದರಾಗ ಬರದೈತಿ.”

“ಅದು ಸಮುದ್ರ. ಇದು ಹೊಳಿ.”

“ನೀರು ನೀರ ಅಲ್ಲೇನ್ರಿ?”

ಮಾಮಲೇದಾರರು ಮೀಸೆಯೊಳಗೇ ನಕ್ಕರು. ಸಂಸ್ಥಾನದ ತೋಪು ಅವರಿಗೆ ಗೊತ್ತಿರದ್ದೇನಲ್ಲ. ಮೂವತ್ತು ವರ್ಷದಿಂದ ಅದು ದಸರೆಗೊಮ್ಮೆ ಬರೇ ಮದ್ದು ಸುಟ್ಟು ಕೆಮ್ಮುವುದನ್ನು ಬಿಟ್ಟರೆ ಒಂದು ಗುಂಡನ್ನೂ ಉಗುಳಿರಲಿಲ್ಲ. ಗುಂಡು ದಂಡೆಯ ಕೆಸರಿನಲ್ಲೇ ಬೀಳುತ್ತದೆ, ಹೊಳೆಯೆಲ್ಲ ನಮ್ಮದಾಗುತ್ತದೆ ಎಂದು ಅವರ ಎಣಿಕೆ. ಗುಂಡು ಈಚೆ ದಂಡೆಯವರೆಗೂ ಬರುತ್ತದೆ, ಹೊಳೆಯೆಲ್ಲ ನಮ್ಮದು ಎಂದು ಭೀಮರಾಯರ ಎಣಿಕೆ. ಇಬ್ಬರೂ ಖುಷಿಯಿಂದ ಒಪ್ಪಿ ಸಹಿ ಮಾಡಿದರು.

“ಗುಂಡು ಬಿದ್ದದ್ದನ್ನ ಗುರ್ತು ಮಾಡವ್ರು ಯಾರು?” ಎಂದರು ಮಾಮಲೇದಾರರು. “ನೀರು ಒಂದು ಗಳಿಗ್ಯಾಗ ಎಲ್ಲಾ ಮುಚ್ಚಿ ಬಿಡತೈತಿ.”

ಇಬ್ಬರ ಕಣ್ಣೂ ಹೊರಗೆ ಕೂತವನ ಕಡೆ ಹೊರಳಿದವು.

ಉದ್ದಪ್ಪ ಹರಗೋಲಿನಲ್ಲಿ ನಡುಹೊಳೆಯಲ್ಲಿರಬೇಕು. ಗುಂಡು ಬಿದ್ದ ಕೂಡಲೆ ಆ ಜಾಗಕ್ಕೆ ಹೋಗಿ, ಹಗ್ಗದ ಒಂದು ತುದಿಗೆ ಕಲ್ಲು, ಇನ್ನೊಂದು ತುದಿಗೆ ಸೋರೆಬುರುಡೆ ಕಟ್ಟಿ ಇಳಿಬಿಡಬೇಕು. ಬುರುಡೆ ತೇಲುವ ಜಾಗವೇ ಹದ್ದು. ಉದ್ದಪ್ಪ ಎದ್ದು ಕೈ ಜೋಡಿಸಿದ.

“ಸಾಹೇಬ್ರ, ಗುಂಡು ನನ್ನ ಮ್ಯಾಲ ಬಿದ್ರ?”

ಡೇರೆಯಲ್ಲಿದ್ದವರೆಲ್ಲ ನಕ್ಕರು. ಭೀಮರಾಯರಿಗಂತೂ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. “ಏ ಅಂಬಿಗ್ಯಾ, ನಮ್ಮ ತೋಪು ಹುಡುಕ್ಯಾಡಿ ಹೊಡ್ಯಾಕ ನೀ ಏನ ಟಿಪ್ಪೂ ಸುಲ್ತಾನನೇನಲೇ?”

“ಹಂಗಲ್ರಿ—”

“ಒಲ್ಲೆ ಅಂದ್ರ ಒಲ್ಲೆ ಅನ್ನು. ನಾಳಿಂದ ಈ ಹೊಳ್ಯಾಗ ನಿನ್ನ ಹುಟ್ಟು ಬೀಳಂಗಿಲ್ಲ. ದಂಡಿ ಮ್ಯಾಲಿನ ನಿಮ್ಮ ಗುಡಸಲಾ ಕಿತ್ತು ನೀರಿಗೆ ಒಗಸ್ತೇನಿ,” ಎಂದರು ಮಾಮಲೇದಾರರು. ಈ ಒಂದು ಮಾತಿನಲ್ಲಿ ಮಾತ್ರ ಎರಡೂ ರಾಜ್ಯಗಳಿಗೆ ತಕರಾರಿರಲಿಲ್ಲ.

ಮನೆಗೆ ಬಂದ ಮೇಲೆ ಗುಡ್ಡವ್ವ ರೊಟ್ಟಿ ಬಡಿಯುತ್ತ ಹೇಳಿದಳು: “ಹೋಗಬ್ಯಾಡ್ರಿ. ನಮ್ಮ ತವರ್‍ಮನಿಗೆ ಹೋಗೂಣು, ಹಿಡಕಲ್ ಕಡೆ. ಅಲ್ಲೂ ಹೊಳಿ ಐತಿ.”

“ಅಲ್ಲಿ ಹೊಳಿಗೆ ಅಲ್ಲಿ ಅಂಬಿಗ್ರು ಅದಾರ. ನಾ ಹೋಗಿ ಅವರ ಹೊಟ್ಟಿ ಮ್ಯಾಲ ಕುಂದ್ರಲೇನು?” ಎಂದ ಉದ್ದಪ್ಪ. ಅವಳ ಮುಖ ನೋಡಿ ದನಿ ತಗ್ಗಿಸಿದ. “ಅಂಜಬ್ಯಾಡ. ಆ ತೋಪಿನ ಹೊಟ್ಟ್ಯಾಗ ಗುಬ್ಬಿ ಗೂಡ ಕಟ್ಟ್ಯಾವ. ನಾಳೆ ಗುಂಡಿನ ಬದಲಿ ತತ್ತಿ ಹಾರಿ ಬರ್ತಾವ.”

ಗುಡ್ಡವ್ವ ನಕ್ಕುಬಿಟ್ಟಳು. ಆ ನಗುವಿಗಾಗಿ ಮುಂದೆ ಅವಳು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಎರಡೂ ದಂಡೆಗಳಲ್ಲಿ ಜನ ಇರುವೆಯಂತೆ ಮುತ್ತಿದ್ದರು. ಮೊದಲ ಸಲ ಕೊಳ್ಳಿ ಹಚ್ಚಿದಾಗ ತೋಪು ಬುಸ್ ಎಂದು ಹೊಗೆ ಬಿಟ್ಟಿತು. ಕಲ್ಲಿನ ಗುಂಡು ಬಾಯಿಂದ ಉರುಳಿ ದಂಡೆಯ ಕೆಸರಿನಲ್ಲಿ ಪಚಕ್ಕನೆ ಕೂತಿತು. ಈಚೆ ದಂಡೆಯವರು ಸಿಳ್ಳೆ ಹೊಡೆದರು. ಮಾಮಲೇದಾರರು ದೊಡ್ಡ ದನಿಯಲ್ಲಿ, “ಬರಕೋರಿ, ದಂಡಿಯಿಂದ ಎರಡು ಮೊಳ!” ಎಂದರು. ಭೀಮರಾಯರ ಮುಖ ಕಪ್ಪಿಟ್ಟಿತು. ತೋಪಿನವನು ಬೇಡವೆಂದು ಕೈ ಮುಗಿದರೂ ಕೇಳದೆ ಎರಡು ಪಟ್ಟು ಮದ್ದು ತುಂಬಿಸಿದರು. ನಡುಹೊಳೆಯಲ್ಲಿದ್ದ ಉದ್ದಪ್ಪ ಆಟ ಮುಗಿಯಿತೆಂದು ತಿಳಿದು ಹರಗೋಲನ್ನು ಈಚೆಗೆ ತಿರುಗಿಸಿದ್ದ.

“ಎಲ್ಲಿಗಿ ಹೊಂಟೀಯೋ ಸೂಳೇಮಗನ, ಅಲ್ಲೇ ನಿಲ್ಲು!” ಎಂದು ಎರಡೂ ದಂಡೆಯಿಂದ ಕೂಗು ಬಂತು. ಉದ್ದಪ್ಪ ನಿಂತ.

ಈ ಸಲ ತೋಪು ನಿಜವಾಗಿ ಹಾರಿತು. ಕಲ್ಲುಗುಂಡು ಹೊಳೆಯ ಕಾಲುಭಾಗದಲ್ಲಿ ನೀರಿಗೆ ಬಡಿಯಿತು, ಮುಳುಗಲಿಲ್ಲ. ಹುಡುಗರು ಎಸೆದ ಬಿಲ್ಲೆಗಲ್ಲಿನ ಹಾಗೆ ನೀರಿನ ಮೇಲೆ ಒಮ್ಮೆ ಪುಟಿಯಿತು, ಮತ್ತೊಮ್ಮೆ ಪುಟಿಯಿತು. ಮೂರನೆಯದಕ್ಕೆ ಹರಗೋಲಿನ ಬಿದಿರು ಸೀಳಿದ ಸದ್ದು ಕೇಳಿತು. ಜನ ಹೋ ಎಂದರು. ಹೊಗೆ ಕರಗಿದಾಗ ನಡುಹೊಳೆಯಲ್ಲಿ ಒಂದು ತುಂಡು ತೊಗಲು, ಒಂದು ಹುಟ್ಟು, ಒಂದು ಸೋರೆಬುರುಡೆ ತೇಲುತ್ತಿದ್ದವು. ಗುಡ್ಡವ್ವ ಉಸಿರು ಕಟ್ಟಿ ನಿಂತಳು. ಎಷ್ಟೋ ಹೊತ್ತು ನಿಂತಳು. ಕೊನೆಗೆ ಕಣ್ಣಿಗೆ ಕತ್ತಲೆ ಬಂದು ಮರಳಿನ ಮೇಲೆ ಬಿದ್ದಳು.

ಕಲ್ಲು ಕಟ್ಟಿದ ಹಗ್ಗ ಉದ್ದಪ್ಪನ ಕಾಲಿಗೆ ಸುತ್ತಿಕೊಂಡಿತ್ತು. ಹಾಗಾಗಿ ಹೆಣ ಹೊಳೆಯೊಂದಿಗೆ ಹರಿದು ಹೋಗಲಿಲ್ಲ. ತಿಳಿನೀರಿನ ಅಡಿಯಲ್ಲಿ ಅವನ ಬಿಳಿ ಧೋತರ ಅಲುಗಾಡುವುದು ದಂಡೆಗೂ ಕಾಣುತ್ತಿತ್ತು.

“ಅಲ್ಲೀಮಟಾ ಮುಟ್ಟೈತಿ! ಅದ ಹದ್ದು! ಬರಕೋರಿ!” ಎಂದು ಭೀಮರಾಯರು ಕುಣಿದಾಡುತ್ತಿದ್ದರು. ಅವರ ಗುಮಾಸ್ತ ಕಿವಿಯಲ್ಲಿ ಏನೋ ಹೇಳಿದ. ಅವರು ಕುರ್ಚಿಯ ಮೇಲೆ ಕುಸಿದರು. ಆ ಜಾಗ ಸಂಸ್ಥಾನದ್ದಾದರೆ ಸಂಸ್ಥಾನದ ನೀರಿನಲ್ಲಿ, ಸಂಸ್ಥಾನದ ತೋಪಿನಿಂದ ಇಂಗ್ರೇಜಿ ಸರಕಾರದ ಪ್ರಜೆಯೊಬ್ಬ ಸತ್ತ ಹಾಗಾಯಿತು. ಪಂಚನಾಮೆ ಅವರೇ ಮಾಡಬೇಕು, ಜವಾಬು ಅವರೇ ಕೊಡಬೇಕು. ನೀರು ಕುಡಿದು ಎದ್ದು ನಿಂತವರೇ ಈಚೆ ದಂಡೆಗೆ ಕೇಳುವಂತೆ ಕೂಗಿದರು: “ಗುಂಡು ಮೊದಲು ಬಿದ್ದದ್ದು ನಮ್ಮ ಬಾಜೂಕ! ಅಷ್ಟ ನಮ್ಮದು! ಆಮ್ಯಾಲ ಪುಟಿದದ್ದು ಲೆಕ್ಕಕ್ಕಿಲ್ಲ! ಅಂವ ಸತ್ತದ್ದು ನಿಮ್ಮ ನೀರಾಗ!”

“ಕಾಯದೆ ನಿಮ್ಮದು, ತೋಪು ನಿಮ್ಮದು!” ಎಂದು ಕೂಗಿದರು ಮಾಮಲೇದಾರರು. “ಗುಂಡು ಮುಟ್ಟಿದಲ್ಲೀಮಟಾ ನೀರೂ ನಿಮ್ಮದು!”

ಮೂರು ವರ್ಷ ನನ್ನದು ನನ್ನದು ಎಂದು ಬಡಿದಾಡಿದ ನೀರು ಅರ್ಧ ಗಳಿಗೆಯಲ್ಲಿ ಯಾರಿಗೂ ಬೇಡವಾಯಿತು.

ಬೆಳಗಾವಿಯ ಕಲೆಕ್ಟರರಿಗೊಂದು, ಸಂಸ್ಥಾನಗಳನ್ನು ನೋಡಿಕೊಳ್ಳುವ ಕೊಲ್ಹಾಪುರದ ಏಜಂಟರಿಗೊಂದು ಕಾಗದ ಹೋದವು. ಮೇಲಿನ ಹುಕುಮು ಬರುವವರೆಗೆ ಹೆಣವನ್ನು ಯಾರೂ ಮುಟ್ಟಕೂಡದು ಎಂದಾಯಿತು. ಯಾವ ದಂಡೆಯಲ್ಲಿ ಹೆಣ ಬೀಳುತ್ತದೋ ಆ ದಂಡೆಗೆ ಖೂನಿ ಅಂಟಿಕೊಳ್ಳುತ್ತದೆ. ಎರಡೂ ಕಡೆಯ ಅಂಬಿಗರ ಹರಗೋಲುಗಳನ್ನು ಮೇಲೆಳೆದು ಸರಪಳಿ ಹಾಕಿದರು. ಎರಡು ಮಾತ್ರ ನೀರಿನಲ್ಲಿ ಉಳಿದವು, ಹೆಣದ ಈ ಪಕ್ಕಕ್ಕೊಂದು, ಆ ಪಕ್ಕಕ್ಕೊಂದು. ಸಂಸ್ಥಾನದ ಕಾವಲು ಹರಗೋಲಿನ ಹುಟ್ಟು ಮಾಲಿಂಗಪ್ಪನ ಕೈಯಲ್ಲಿತ್ತು. ಬೆನ್ನಿಗೆ ಬಂದೂಕು ಚುಚ್ಚಿಸಿಕೊಂಡು ಅವನು ತನ್ನ ಅಣ್ಣನ ಹೆಣವನ್ನು ಕಾಯುತ್ತ ಕೂತ.

ಅಂಬಿಗರಲ್ಲಿ ಒಂದು ಕಟ್ಟಳೆ. ನೀರಲ್ಲಿ ಸತ್ತವರು ಯಾರೇ ಇರಲಿ, ಎರಡನೆಯ ಹೊತ್ತು ಮುಳುಗುವುದರೊಳಗೆ ಅವರನ್ನು ಮಣ್ಣಿಗೆ ತರಬೇಕು. ತರದ ಅಂಬಿಗ ಮತ್ತೆ ಹುಟ್ಟು ಮುಟ್ಟುವಂತಿಲ್ಲ. ಉದ್ದಪ್ಪ ತನ್ನ ಜನ್ಮದಲ್ಲಿ ಇಂಥ ಐವತ್ತರವತ್ತು ಹೆಣ ತೆಗೆದವನು. ಪಾಟೀಲರ ಮನೆಯ ಸೊಸೆ ರಾಜಮತಿ ಹೊಳೆಗೆ ಹಾರಿಕೊಂಡಾಗ ತುಂಬುಬಸುರಿಯ ಆ ಹೆಣವನ್ನು ಎದೆಗವಚಿಕೊಂಡು ತಂದು ದಂಡೆಯಲ್ಲಿ ಮಲಗಿಸಿ, ಮೈಮೇಲೆ ತನ್ನ ಕಂಬಳಿ ಹೊಚ್ಚಿ, ಮುಖ ತಿರುಗಿಸಿಕೊಂಡು ಹೋಗಿದ್ದ.

ಎರಡನೆಯ ದಿನ ಗುಡ್ಡವ್ವ ಜಿನಪ್ಪಗೌಡರ ಕಟ್ಟೆಯ ಕೆಳಗೆ ನಿಂತಳು.

“ಗೌಡ್ರ, ಒಂದ ಮಾತ ಹೇಳ್ರಿ ಸಾಹೇಬ್ರಿಗೆ. ನಿಮ್ಮ ಮನಿ ಹೆಣಾ ತಂದಾಗ ನಮ್ಮವ್ರು ಯಾವ ಹದ್ದ ಅಂತ ಕೇಳಲಿಲ್ರಿ.”

ಜಿನಪ್ಪಗೌಡರು ಕಣ್ಣೆತ್ತಲಿಲ್ಲ. “ನನ್ನ ಕೈಯಾಗ ಏನೈತಿ ಗುಡ್ಡವ್ವ. ರಾಜಕಾರಣ ಇದು. ನೀರಿನ ಕಾಯದೆ.” ಒಳಗಿನಿಂದ ಒಂದು ಮೊರ ಜೋಳ ತರಿಸಿದರು. ಗುಡ್ಡವ್ವ ಮೊರವನ್ನು ಮುಟ್ಟದೆ ಡೇರೆಗೆ ಹೋದಳು.

“ಸಾಹೇಬ್ರ, ನನ್ನ ಗಂಡನ್ನ ತಗೀತೇನ್ರಿ.”

“ತಗದು ಎಲ್ಲಿ ಇಡ್ತಿ?”

“ಮಣ್ಣಾಗ್ರಿ.”

“ಯಾರ ಮಣ್ಣಾಗ? ಈ ದಂಡಿಗೆ ತಂದ್ರ ಸರಕಾರಕ್ಕೂ ಸಂಸ್ಥಾನಕ್ಕೂ ಯುದ್ಧ ಬಿದ್ದಂಗ. ಮುಂಬೈತನಕಾ ನಾ ಜವಾಬ ಕೊಡಬೇಕು. ಆ ದಂಡಿಗೆ ಒಯ್ಯಾಕ ಅವರು ಬಿಡಾಂಗಿಲ್ಲ. ತಿಳೀತಿಲ್ಲೋ? ಹುಕುಮು ಬರೂತನಕಾ ನಡುವ ಇರ್ಲಿ.”

“ಸಾಹೇಬ್ರ,” ಎಂದಳು ಗುಡ್ಡವ್ವ, “ನಡುವ ಮೀನ ಅದಾವ್ರಿ.”

ಮಾಮಲೇದಾರರು ಊಟ ಮಾಡುತ್ತಿದ್ದರು. ಥಟ್ಟನೆ ಕೈ ನಿಂತಿತು. “ಎಳಕೊಂಡ ಹೋಗ್ರಿ ಈ ರಂಡೀನ!” ಎಂದು ಎಡಗೈಯಿಂದ ತಾಟು ಸರಿಸಿದರು. ಇಬ್ಬರು ಸಿಪಾಯಿಗಳು ಅವಳ ತೋಳು ಹಿಡಿದು ಮರಳಿನ ಮೇಲೆ ಎಳೆದು ಒಗೆದರು. ಅಷ್ಟರಲ್ಲಿ ಎರಡನೆಯ ಹೊತ್ತು ಮುಳುಗಿತು. ಉದ್ದಪ್ಪ ಉಬ್ಬಿ ಮೇಲಕ್ಕೆ ಬಂದಿದ್ದ, ಹಗ್ಗ ಬಿಟ್ಟಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಕಾವಲು ಬದಲಿಸುವ ಹೊತ್ತು. ಸಂಸ್ಥಾನದ ಸಿಪಾಯಿ ಆಚೆ ದಂಡೆಯಲ್ಲಿ ಬುತ್ತಿ ಉಣ್ಣಲು ಇಳಿದ. ಇನ್ನೊಬ್ಬ ಹತ್ತುವುದರೊಳಗೆ ಮಾಲಿಂಗಪ್ಪ ಹುಟ್ಟು ಹಾಕಿ ಹರಗೋಲನ್ನು ನೀರಿಗೆ ನೂಕಿದ. ನೆಟ್ಟಗೆ ಈಚೆ ದಂಡೆಗೆ ಬಂದ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಗುಡ್ಡವ್ವ ಕೂತಿದ್ದಳು.

“ವೈನಿ, ಏರ್ರಿ.”

“ಹೊಡೀತಾರೋ ತಮ್ಮಾ.”

“ಹೊಡೀಲಿ. ಮೂರ ದಿನಾ ಆತು, ಅಣ್ಣನ ಮುಖಾ ನೋಡಕೋತ ಕುಂತೇನಿ. ಆ ಮುಖಾ ಈಗ…” ಮಾಲಿಂಗಪ್ಪ ಹರಗೋಲಿನ ಅಂಚನ್ನು ಕಲ್ಲಿಗೆ ಒತ್ತಿ ಹಿಡಿದ. “ಏರ್ರಿ ಜಲ್ದಿ.”

ಎರಡೂ ದಂಡೆಗಳಲ್ಲಿ ಗದ್ದಲವೆದ್ದಿತು. ಬಂದೂಕುಗಳು ಮೇಲೆದ್ದವು, ಯಾವುದೂ ಹಾರಲಿಲ್ಲ. ನಡುನೀರಿನಲ್ಲಿ ಇನ್ನೊಂದು ಹೆಣ ಬಿದ್ದರೆ ಅದಕ್ಕೆ ಜವಾಬು ಯಾರು? ಸರಕಾರದ ಕಾವಲು ಹರಗೋಲಿಗೆ ಹುಟ್ಟು ಹಾಕುತ್ತಿದ್ದವನು ಮಾಲಿಂಗಪ್ಪನಿಗೆ ದೂರದ ಅಣ್ಣ ಆಗಬೇಕು. ಸಿಪಾಯಿ ಬೆನ್ನಿಗೆ ಗುದ್ದಿದರೂ ಅವನು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಗುಡ್ಡವ್ವ ಬಾಗಿ ಹರಗೋಲಿನಲ್ಲಿದ್ದ ಕುಡುಗೋಲಿನಿಂದ ಹಗ್ಗ ಕೊಯ್ದಳು. ಇಬ್ಬರೂ ಸೇರಿ ಉದ್ದಪ್ಪನನ್ನು ಒಳಗೆ ಎಳೆದುಕೊಂಡರು. ಮುಖ ಎನ್ನುವುದು ಹೆಚ್ಚೇನೂ ಉಳಿದಿರಲಿಲ್ಲ. ಗುಡ್ಡವ್ವ ಸೀರೆಯ ಸೆರಗು ಹರಿದು ಅದರ ಮೇಲೆ ಹಾಕಿದಳು. ಅಳಲಿಲ್ಲ. ಅಳುವುದು ದಂಡೆಗೆ ಹೋದ ಮೇಲೆ ಎಂದುಕೊಂಡಿದ್ದಳು.

ಈಚೆ ದಂಡೆಗೆ ತಿರುಗಿದರೆ ಅಲ್ಲಿ ಆರು ಸಿಪಾಯಿಗಳು ಸಾಲಾಗಿ ನಿಂತಿದ್ದರು. ಆಚೆ ತಿರುಗಿದರೆ ಅಲ್ಲಿ ಎಂಟು. ಮಾಲಿಂಗಪ್ಪ ಹರಗೋಲನ್ನು ಹೊಳೆಯ ಸೆಳವಿಗೆ ಬಿಟ್ಟ. ನಡುಗಡ್ಡೆ ದಾಟಿತು. ಊರು ದಾಟಿತು. ಹರಗೋಲು ಹೋದಂತೆ ಸಿಪಾಯಿಗಳೂ ಎರಡೂ ದಂಡೆಯ ಮೇಲೆ ಅದರ ಜೊತೆಜೊತೆಗೇ ನಡೆದರು. ಮುಂದಿನ ಊರಿನವರಿಗೆ ಕೂಗಿ ಹೇಳುತ್ತ ಬಂದರು: “ದಂಡಿಗಿ ಹತ್ತಗೊಡಬ್ಯಾಡ್ರಿ! ಹತ್ತಿದ್ರ ನಿಮ್ಮೂರಿಗೆ ಪಂಚನಾಮಾ!” ಬಟ್ಟೆ ಒಗೆಯುತ್ತಿದ್ದ ಹೆಂಗಸರು ಮೂಗಿಗೆ ಸೆರಗು ಹಿಡಿದು ಹಸಿ ಬಟ್ಟೆಯನ್ನು ಹಾಗೆಯೇ ಹೊತ್ತುಕೊಂಡು ದಂಡೆ ಏರಿಹೋದರು. ಅವರಲ್ಲಿ ಒಬ್ಬಳು ಮುದುಕಿ ಮಾತ್ರ ನಿಂತು ಕೇಳಿದಳು.

“ಯಾರ ಹೆಣಾ ಯವ್ವಾ?”

“ಅಂಬಿಗರ ಉದ್ದಪ್ಪಂದಬೇ.”

ಮುದುಕಿ ಎರಡೂ ಕೈ ಎತ್ತಿ ಮುಗಿದಳು. ಮಗ ಬಂದು ಅವಳನ್ನು ಎಳೆದುಕೊಂಡು ಹೋದ.

ಹೊತ್ತು ಇಳಿಯಿತು. ಮಾಲಿಂಗಪ್ಪನ ತೋಳುಗಳು ಸೋತು ಹುಟ್ಟು ನೀರಿನಲ್ಲಿ ಸುಮ್ಮನೆ ಜೋತು ಬಿದ್ದಿತು. ಗುಡ್ಡವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಹರಗೋಲನ್ನು ಈಚೆ ದಂಡೆಗೆ ತಿರುಗಿಸಿದಳು. ಸಿಪಾಯಿಗಳು ಬಂದೂಕು ಎತ್ತಿದರು.

“ಹೊಡೀರಿ!” ಎಂದು ಕೂಗಿದಳು. ಮೂರು ದಿನದ ಅಳು ಆ ದನಿಯಲ್ಲಿ ಸೀಳಿಕೊಂಡು ಬಂತು. “ಹೊಡೀರೋ ನಿಮ್ಮವ್ನ! ನಿಮ್ಮ ದಂಡಿಗೆ ಬಂದೇನಿ. ಇಲ್ಲಿ ನಾ ಸತ್ರ ನಿಮ್ಮ ನೀರ, ನಿಮ್ಮ ಹೆಣಾ, ನಿಮ್ಮ ಪಂಚನಾಮಾ! ಹೊಡೀರಿ, ಎರಡೂ ಹೆಣಾ ನೀವ ಹೊರ್‍ರಿ!”

ಸಿಪಾಯಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯವನು ಬಂದೂಕನ್ನು ಇಳಿಸಿ ಪಕ್ಕದವನ ಕೈಗೆ ಕೊಟ್ಟ. ಯಾರದೋ ಹೊಲದ ಬೇಲಿಯಿಂದ ಒಂದು ಉದ್ದನೆಯ ಬಿದಿರು ಕಿತ್ತು ತಂದ. ಹರಗೋಲು ಮರಳಿಗೆ ತಾಗುವ ಹೊತ್ತಿಗೆ ಬಿದಿರಿನ ತುದಿಯನ್ನು ಅದರ ಅಂಚಿಗೆ ಆನಿಸಿ, ಕಸ ನೂಕಿದಂತೆ ಮೆಲ್ಲಗೆ ಹಿಂದಕ್ಕೆ ನೂಕಿದ. ಸಿಟ್ಟಿರಲಿಲ್ಲ, ಬೈಗುಳವಿರಲಿಲ್ಲ.

ಗುಡ್ಡವ್ವ ಹುಟ್ಟು ಹಾಕಿ ಮತ್ತೆ ದಂಡೆಗೆ ಬಂದಳು. ಅವನು ಮತ್ತೆ ನೂಕಿದ. ಆಚೆ ದಂಡೆಯವರೂ ಆಗಲೇ ಬಿದಿರು ಹುಡುಕಲು ಒಬ್ಬನನ್ನು ಓಡಿಸಿದ್ದರು. ಹರಗೋಲಿನ ತಳದಲ್ಲಿ ಸೇರಿದ್ದ ನೀರು ಉದ್ದಪ್ಪನ ಕಿವಿಯವರೆಗೆ ಬಂದಿತ್ತು. ಮಾಲಿಂಗಪ್ಪ ಅದನ್ನು ಬೊಗಸೆಯಿಂದ ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದ.

ಗುಡ್ಡವ್ವ ಮತ್ತೆ ಹುಟ್ಟು ಹಾಕಿದಳು.